ವರ್ಷದ ಓದಿನ ಸವಾಲು: ಗುರಿ ಇಡುವುದರಿಂದ ಹಿಡಿದು ಜೊತೆ ಓದುಗರಿಗೆ ಹೇಳಿಕೊಳ್ಳುವವರೆಗೆ

ನಾನು ಮೊದಲ ಸಲ ಓದಿನ ಸವಾಲು ತೆಗೆದುಕೊಂಡಾಗ ಡೈರಿಯ ಮೊದಲ ಪುಟದಲ್ಲಿ 52 ಅಂತ ಬರೆದುಕೊಂಡಿದ್ದೆ. ವಾರಕ್ಕೊಂದು ಪುಸ್ತಕ. ಏಪ್ರಿಲ್ ಮುಗಿಯುವ ಹೊತ್ತಿಗೆ 17 ಆಗಿರಬೇಕಿತ್ತು, ಆಗಿದ್ದು 9. ಅಲ್ಲಿಂದ ಮುಂದೆ ಕಪಾಟಿನ ಮುಂದೆ ನಿಂತು ಪುಸ್ತಕದ ದಪ್ಪ ನೋಡಿ ಆರಿಸೋಕೆ ಶುರು ಮಾಡಿದೆ. ಓದಬೇಕು ಅಂತ ವರ್ಷಗಟ್ಟಲೆ ಆಸೆಪಟ್ಟಿದ್ದ 600 ಪುಟದ ಕಾದಂಬರಿ ಹಾಗೇ ಉಳಿಯಿತು. ಆಗಸ್ಟ್‌ನಲ್ಲಿ ಲೆಕ್ಕ ಬರೆಯೋದೇ ಬಿಟ್ಟೆ.

ಮರುವರ್ಷ 20 ಇಟ್ಟುಕೊಂಡೆ. ಜೊತೆಗೆ ಓದುವ ನಾಲ್ಕು ಜನ ಗೆಳೆಯರು ಸಿಕ್ಕರು. ಪುಸ್ತಕ ಮುಗಿದ ಮೇಲೆ ಒಂದು ಸಾಲು ಹೇಳಿ ಸುಮ್ಮನಾಗುವ ಬದಲು, ಓದ್ತಾ ಇರುವಾಗಲೇ ಎಲ್ಲಿದ್ದೀವಿ, ಏನನ್ನಿಸ್ತಿದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಆ ವರ್ಷ 23 ಪುಸ್ತಕ ಓದಿದೆ. ಆ ದಪ್ಪ ಕಾದಂಬರಿಯೂ ಅದರಲ್ಲಿತ್ತು. ಆವತ್ತಿನಿಂದ ಪ್ರತಿವರ್ಷ ಇದೇ ದಾರಿಯಲ್ಲಿ ಹೋಗುತ್ತಿದ್ದೇನೆ. ಅದನ್ನೇ ಇಲ್ಲಿ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

1. ಮೊದಲು ನಿಮ್ಮ ವೇಗ ಅಳೆಯಿರಿ

ಗುರಿ ಇಡೋಕೆ ಮುಂಚೆ ಮಾಡಬೇಕಾದ ಕೆಲಸ ಇದು. ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ಸಂಖ್ಯೆಗೆ ಹೋಗಿಬಿಡುತ್ತಾರೆ.

ಓದುವ ವೇಗದ ಬಗ್ಗೆ ಅಂಕಿಗಳು ಸಿಗುತ್ತವೆ. ಮಾರ್ಕ್ ಬ್ರೈಸ್‌ಬರ್ಟ್ ಎಂಬ ಮನೋವಿಜ್ಞಾನಿ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಕರು ಇಂಗ್ಲಿಷನ್ನು ಮನಸ್ಸಿನಲ್ಲೇ ಓದುವಾಗ ಕಥೆಯಲ್ಲದ ಬರಹವಾದರೆ ನಿಮಿಷಕ್ಕೆ ಸರಾಸರಿ 238 ಪದ, ಕಥೆ ಕಾದಂಬರಿಯಾದರೆ 260 ಪದ ಅಂತ ಅವರು ಲೆಕ್ಕ ಕೊಟ್ಟರು. ಆದರೆ ಈ ಅಂಕಿಯನ್ನು ಕನ್ನಡದ ಓದಿಗೆ ಹಾಗೇ ತಂದು ಅಂಟಿಸೋಕೆ ಆಗಲ್ಲ. ಇಂಗ್ಲಿಷಿನ ಮೂರ್ನಾಲ್ಕು ಪದದಲ್ಲಿ ಬರುವ ಮಾತು ನಮ್ಮಲ್ಲಿ 'ಹೋಗಬೇಕಾಗಿತ್ತು' ಅನ್ನೋ ಒಂದೇ ಪದದಲ್ಲಿ ಕೂತಿರುತ್ತದೆ. ಹಾಗಾಗಿ ಪದ ಎಣಿಸುವ ಬದಲು ಪುಟ ಎಣಿಸುವುದು ಒಳ್ಳೆಯದು.

ಮಾಡೋದು ಸುಲಭ. ಈಗ ಓದುತ್ತಿರುವ ಪುಸ್ತಕ ತೆಗೆದುಕೊಳ್ಳಿ. ಫೋನಿನಲ್ಲಿ 20 ನಿಮಿಷ ಟೈಮರ್ ಇಟ್ಟು, ಫೋನನ್ನು ಬೇರೆ ಕೋಣೆಯಲ್ಲಿಡಿ. ಯಾವಾಗಲೂ ಓದುವ ಹಾಗೆಯೇ ಓದಿ, ಪರೀಕ್ಷೆ ಅನ್ನೋ ಥರ ಓಡಿಸಬೇಡಿ. ಎಷ್ಟು ಪುಟ ಆಯಿತು ಅಂತ ಬರೆದಿಡಿ. ಮೂರು ದಿನ, ಮೂರು ಬೇರೆ ಹೊತ್ತಿನಲ್ಲಿ ಹೀಗೆ ಮಾಡಿ ಸರಾಸರಿ ತೆಗೆಯಿರಿ. ನನಗೆ 20 ನಿಮಿಷಕ್ಕೆ 12 ಪುಟ ಬರುತ್ತದೆ, ಅದೂ ಕಾದಂಬರಿಗೆ. ವಿಮರ್ಶೆಯೋ ಇತಿಹಾಸವೋ ಆದರೆ 8ಕ್ಕೆ ಇಳಿಯುತ್ತದೆ. ನಿಮ್ಮದು ಇದಕ್ಕಿಂತ ಜಾಸ್ತಿಯೋ ಕಡಿಮೆಯೋ ಇರಬಹುದು. ನಿಮ್ಮ ನಿಜವಾದ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು, ಅಷ್ಟೇ ಮುಖ್ಯ.

2. ಗುರಿಯ ಸಂಖ್ಯೆಗೆ ಬರೋಣ

ಈಗ ಲೆಕ್ಕ ಹಾಕಬಹುದು. ತಿಂಗಳಿಗೆ ಎರಡರಂತೆ 24 ಪುಸ್ತಕ ಅಂದುಕೊಳ್ಳಿ. ಒಂದೊಂದು ಸುಮಾರು 200 ಪುಟ ಅಂದರೆ ಒಟ್ಟು 4800 ಪುಟ. ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ 13 ಪುಟ. ಆದರೆ 365ರಿಂದ ಭಾಗಿಸಬೇಡಿ, 300ರಿಂದ ಭಾಗಿಸಿ. ಜ್ವರ ಬರುತ್ತದೆ, ಊರಿಗೆ ಹೋಗಬೇಕಾಗುತ್ತದೆ, ಕೆಲಸ ತಲೆಯ ಮೇಲೆ ಬರುತ್ತದೆ, ಕೆಲವು ದಿನ ಓದುವ ಮನಸ್ಸೇ ಇರುವುದಿಲ್ಲ. ವರ್ಷದಲ್ಲಿ ಅಂಥ 65 ದಿನ ಇದ್ದೇ ಇರುತ್ತವೆ ಅಂತ ಮೊದಲೇ ಒಪ್ಪಿಕೊಂಡರೆ ಆಮೇಲೆ ಮನಸ್ಸು ಕೆಡುವುದಿಲ್ಲ.

300ರಿಂದ ಭಾಗಿಸಿದರೆ ದಿನಕ್ಕೆ 16 ಪುಟ. ನನ್ನ ವೇಗದಲ್ಲಿ ಅದು ಸುಮಾರು 27 ನಿಮಿಷ. ದಿನಕ್ಕೆ ಅಷ್ಟು ಹೊತ್ತು ನಿಜವಾಗಿಯೂ ಸಿಗುತ್ತದಾ? ಸಿಗುತ್ತದೆ ಅಂತಾದರೆ 24 ಸರಿ. ಸಿಗುವುದು ಕಷ್ಟ ಅನ್ನಿಸಿದರೆ ಸಂಖ್ಯೆ ಇಳಿಸಿ. 12 ಪುಸ್ತಕ ಅಂದರೆ ತಿಂಗಳಿಗೊಂದು, ದಿನಕ್ಕೆ ಬರೀ 8 ಪುಟ. ವರ್ಷಕ್ಕೆ ಎರಡು ಪುಸ್ತಕ ಓದುತ್ತಿದ್ದವರಿಗೆ 12 ದೊಡ್ಡ ಸಂಖ್ಯೆಯೇ.

ಒಂದು ಮಾತು ಒತ್ತಿ ಹೇಳಬೇಕು. ಹೋದ ವರ್ಷ ಎಷ್ಟು ಓದಿದ್ದಿರೋ ಅದಕ್ಕಿಂತ ಎರಡೋ ಮೂರೋ ಜಾಸ್ತಿ ಇಡಿ. ಬೇರೆಯವರು ಎಷ್ಟು ಇಟ್ಟಿದ್ದಾರೆ ಅಂತ ನೋಡಿ ಇಡಬೇಡಿ. ವರ್ಷಕ್ಕೆ 100 ಓದುವವರು ಇದ್ದಾರೆ, ಅವರ ಸಂಜೆಗಳು ಬೇರೆ, ನಿಮ್ಮ ಸಂಜೆಗಳು ಬೇರೆ.

3. ಪುಸ್ತಕದ ಎಣಿಕೆ ಒಂದೇ ದಾರಿಯಲ್ಲ

ಪುಸ್ತಕ ಎಣಿಸೋದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಗುಡ್‌ರೀಡ್ಸ್ ಎಂಬ ಓದುಗರ ಜಾಲತಾಣದಲ್ಲಿ 2011ರಿಂದ ಇರುವ ವಾರ್ಷಿಕ ಸವಾಲು ಕೂಡ ಹೀಗೆಯೇ, ಒಂದು ಸಂಖ್ಯೆ ಕೊಟ್ಟರೆ ಅದು ಎಣಿಸುತ್ತಾ ಹೋಗುತ್ತದೆ. ಆದರೆ ಈ ಎಣಿಕೆ ನಮಗೆ ಗೊತ್ತಿಲ್ಲದ ಹಾಗೆ ತೆಳ್ಳನೆಯ ಪುಸ್ತಕಗಳ ಕಡೆಗೆ ತಳ್ಳುತ್ತದೆ. ನನಗೆ ಆದದ್ದು ಅದೇ.

ದಪ್ಪ ಪುಸ್ತಕ ಇಷ್ಟಪಡುವವರು ಪುಟಗಳ ಗುರಿ ಇಡಿ. ವರ್ಷಕ್ಕೆ 5000 ಪುಟ ಅಂದುಕೊಂಡರೆ 900 ಪುಟದ ಕಾದಂಬರಿ ಓದಿದಾಗ ನಷ್ಟ ಅನ್ನಿಸುವುದಿಲ್ಲ. ಕೇಳುವ ಪುಸ್ತಕಗಳೇ ಹೆಚ್ಚು ಅನ್ನುವವರು ಗಂಟೆಗಳಲ್ಲಿ ಇಡಬಹುದು. ಸ್ಟೋರಿಗ್ರಾಫ್ ಎಂಬ ಆ್ಯಪ್‌ನಲ್ಲಿ ಪುಸ್ತಕ, ಪುಟ, ಗಂಟೆ ಮೂರಕ್ಕೂ ಬೇರೆ ಬೇರೆ ಗುರಿ ಇಡುವ ಅವಕಾಶ ಇದೆ.

ವಿಷಯ ಕೊಟ್ಟು ಓದಿಸುವ ಸವಾಲುಗಳೂ ಇವೆ. ಪುಸ್ತಕಗಳ ಬಗ್ಗೆ ಬರೆಯುವ ಬುಕ್ ರಯಟ್ ಎಂಬ ಜಾಲತಾಣ 2015ರಲ್ಲಿ ಶುರು ಮಾಡಿದ 'ರೀಡ್ ಹಾರ್ಡರ್' ಸವಾಲಿನಲ್ಲಿ 24 ಸೂಚನೆಗಳಿರುತ್ತವೆ, ತಿಂಗಳಿಗೆ ಎರಡರ ಹಾಗೆ. ಅದೇ ಮಾದರಿಯಲ್ಲಿ ನೀವೇ ಒಂದು ಪಟ್ಟಿ ಮಾಡಿಕೊಳ್ಳಬಹುದು: ಒಂದು ನಾಟಕ, ಒಂದು ಆತ್ಮಕಥೆ, ನೀವು ಹುಟ್ಟುವ ಮೊದಲು ಬಂದ ಒಂದು ಪುಸ್ತಕ, ಬೇರೆ ಭಾಷೆಯಿಂದ ಅನುವಾದವಾದದ್ದು, ವಿಜ್ಞಾನದ್ದೊಂದು, ಗೆಳೆಯರು ಹೇಳಿದ್ದೊಂದು, ಯಾವತ್ತೋ ಅರ್ಧಕ್ಕೆ ಬಿಟ್ಟದ್ದೊಂದು. ಹತ್ತು ಸೂಚನೆ ಸಾಕು. ಉಳಿದದ್ದು ಮನಸ್ಸು ಕರೆದ ಕಡೆ ಹೋಗಲಿ.

ನನಗೆ ತುಂಬಾ ಇಷ್ಟವಾದ ಸವಾಲು ಇನ್ನೊಂದಿದೆ. ಕೊಂಡು ತಂದು ಓದದೆ ಪೇರಿಸಿಟ್ಟ ಪುಸ್ತಕಗಳನ್ನು ಮಾತ್ರ ಓದುವುದು. ಜಪಾನಿ ಭಾಷೆಯಲ್ಲಿ ಇಂಥ ಪೇರಿಸಿಡುವಿಕೆಗೇ 'ತ್ಸುಂದೊಕು' ಅಂತ ಒಂದು ಪದ ಇದೆ. ಮನೆಯಲ್ಲಿ ಅಂಥ ರಾಶಿ ಇದ್ದರೆ ಈ ವರ್ಷ ಅದನ್ನೇ ಹಿಡಿಯಿರಿ. ಯಾವತ್ತೋ ಆಸೆಯಿಂದ ತಂದ ಪುಸ್ತಕ ಕೊನೆಗೂ ಕೈಗೆ ಬಂದಾಗ ಆಗುವ ಸಂತೋಷವೇ ಬೇರೆ.

4. ಯಾವುದು ಲೆಕ್ಕಕ್ಕೆ ಸೇರುತ್ತದೆ?

ಇದನ್ನು ಮೊದಲ ವಾರದಲ್ಲೇ ತೀರ್ಮಾನ ಮಾಡಿ ಬರೆದಿಡಿ. ಇಲ್ಲದಿದ್ದರೆ ನವೆಂಬರ್‌ನಲ್ಲಿ ನಿಮ್ಮ ಜೊತೆ ನೀವೇ ಚೌಕಾಸಿ ಮಾಡುತ್ತಾ ಕೂರಬೇಕಾಗುತ್ತದೆ.

ಎಷ್ಟು ಪುಟ ಇದ್ದರೆ ಪುಸ್ತಕ? ಯುನೆಸ್ಕೋ 1964ರಲ್ಲಿ ದೇಶಗಳ ಪ್ರಕಟಣೆಗಳ ಅಂಕಿ ಅಂಶ ಒಂದೇ ಅಳತೆಯಲ್ಲಿರಲಿ ಅಂತ ಒಂದು ವ್ಯಾಖ್ಯೆ ಕೊಟ್ಟಿತು. ಅದರ ಪ್ರಕಾರ ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟ ಇದ್ದರೆ ಪುಸ್ತಕ, ಅದಕ್ಕಿಂತ ಕಡಿಮೆ ಇದ್ದರೆ ಕಿರುಹೊತ್ತಿಗೆ. ನಾನು ಈ ಗೆರೆಯನ್ನೇ ಇಟ್ಟುಕೊಂಡಿದ್ದೇನೆ. 60 ಪುಟದ ಕವನ ಸಂಕಲನ ಸೇರುತ್ತದೆ. ಕವಿತೆಯ ಒಂದು ಪುಟಕ್ಕೆ ಕಾದಂಬರಿಯ ನಾಲ್ಕು ಪುಟದಷ್ಟು ಹೊತ್ತು ಬೇಕಾಗುತ್ತದೆ, ಅಲ್ವಾ? ಹಾಗಾಗಿ ಅದರಲ್ಲಿ ಮೋಸ ಏನೂ ಇಲ್ಲ.

ಕೇಳಿದ ಪುಸ್ತಕ ಓದಿದ ಲೆಕ್ಕವಾ ಅಂತ ಜಗಳ ನಡೆಯುತ್ತಲೇ ಇರುತ್ತದೆ. ನನ್ನ ಪ್ರಕಾರ ಪೂರ್ತಿ ಕೇಳಿದ್ದರೆ ಅದೂ ಓದೇ. ಕಣ್ಣಿನ ತೊಂದರೆ ಇರುವವರಿಗೆ, ದಿನಾ ಗಂಟೆಗಟ್ಟಲೆ ಪ್ರಯಾಣ ಮಾಡುವವರಿಗೆ ಅದೇ ದಾರಿ. ಎರಡನೇ ಸಲ ಓದಿದ್ದೂ ಸೇರಲಿ. ಮಕ್ಕಳಿಗೆ ಓದಿ ಹೇಳಿದ ಚಿತ್ರಪುಸ್ತಕಗಳನ್ನು ನಾನು ಬೇರೆ ಪಟ್ಟಿಯಲ್ಲಿ ಬರೆಯುತ್ತೇನೆ. ಅರ್ಧಕ್ಕೆ ಬಿಟ್ಟ ಪುಸ್ತಕ ಪುಸ್ತಕದ ಲೆಕ್ಕಕ್ಕೆ ಬರುವುದಿಲ್ಲ, ಪುಟದ ಲೆಕ್ಕಕ್ಕೆ ಬರುತ್ತದೆ.

5. ದಿನದ ಓದಿಗೆ ಒಂದು ಜಾಗ

ಪಟ್ಟಿ ಮಾಡುವಾಗ ಇಡೀ ವರ್ಷದ ಪುಸ್ತಕಗಳನ್ನು ಬರೆಯಬೇಡಿ. ಮುಂದಿನ ಐದು ಸಾಕು. ಅದರಲ್ಲಿ ಒಂದು ದಪ್ಪದ್ದು, ಒಂದು ಹಗುರವಾದದ್ದು, ಒಂದು ಕಥೆಯಲ್ಲದ್ದು ಇರಲಿ. ಒಂದು ಮುಗಿದಾಗ ಒಂದು ಸೇರಿಸಿ. ಓದು ಅನ್ನೋದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಆ ದಾರಿಗೆ ಜಾಗ ಬಿಡಬೇಕು.

ಓದುವ ಹೊತ್ತನ್ನು ದಿನಾ ಮಾಡುವ ಯಾವುದಾದರೂ ಕೆಲಸಕ್ಕೆ ಕಟ್ಟಿ. ಬೆಳಗಿನ ಕಾಫಿ ಆದ ತಕ್ಷಣ, ಅಥವಾ ರಾತ್ರಿ ಹಾಸಿಗೆಗೆ ಹೋದ ತಕ್ಷಣ. 'ಸಮಯ ಸಿಕ್ಕಾಗ ಓದುತ್ತೇನೆ' ಅಂದರೆ ಆ ಸಮಯ ಸಿಗುವುದೇ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ, ಒಂದು ಹೊಸ ಕೆಲಸ ಅಭ್ಯಾಸವಾಗೋಕೆ ಎಷ್ಟು ದಿನ ಬೇಕು ಅಂತ ನೋಡಿದ್ದರು. ಸರಾಸರಿ 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ 254 ದಿನದವರೆಗೂ ಹರಡಿತ್ತು (12 ವಾರ ಮೀರಿದ್ದು ಲೆಕ್ಕ ಹಾಕಿ ತೆಗೆದ ಅಂದಾಜು). ಅದೇ ಅಧ್ಯಯನದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಇನ್ನೊಂದು: ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಹೊಡೆತ ಬೀಳಲಿಲ್ಲ. ಹಾಗಾಗಿ ಒಂದು ದಿನ ಬಿಟ್ಟುಹೋದರೆ ಮರುದಿನ ಎರಡು ದಿನದ್ದು ಸೇರಿಸಿ ಓದೋಕೆ ಹೋಗಬೇಡಿ. ಆವತ್ತಿನದ್ದನ್ನು ಓದಿ, ಸಾಕು.

ಓದೋಕೆ ಆಗದ ದಿನಕ್ಕೂ ಒಂದು ಕನಿಷ್ಠ ಇಟ್ಟುಕೊಳ್ಳಿ. ನನ್ನದು ಎರಡು ಪುಟ. ಎರಡು ಪುಟ ಓದಿ ಮಲಗಿದ ರಾತ್ರಿಗಳು ಎಷ್ಟೋ ಇವೆ. ಎರಡು ಅಂತ ಹಿಡಿದು ಇಪ್ಪತ್ತು ಓದಿದ ರಾತ್ರಿಗಳೂ ಇವೆ.

6. ಲೆಕ್ಕದ ಪುಸ್ತಕ

ಒಂದು ನೋಟ್‌ಬುಕ್, ಒಂದು ಪೆನ್ನು. ಇಷ್ಟರಲ್ಲೇ ಇಡೀ ವರ್ಷ ನಡೆಯುತ್ತದೆ. ಕಂಪ್ಯೂಟರ್ ಇಷ್ಟವಾದರೆ ಸ್ಪ್ರೆಡ್‌ಶೀಟ್ ಮಾಡಿ. ಆ್ಯಪ್ ಬೇಕು ಅಂದರೆ ಗುಡ್‌ರೀಡ್ಸ್, ಸ್ಟೋರಿಗ್ರಾಫ್, ಲೈಬ್ರರಿಥಿಂಗ್ ಮೂರೂ ಇವೆ. ಕನ್ನಡ ಪುಸ್ತಕಗಳ ವಿಚಾರದಲ್ಲಿ ಮಾತ್ರ ಒಂದು ತೊಡಕು. ಎಷ್ಟೋ ಪುಸ್ತಕಗಳ ವಿವರ ಅಲ್ಲಿ ಇರುವುದಿಲ್ಲ, ಇದ್ದರೂ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಂದು ಥರ, ಕನ್ನಡದಲ್ಲಿ ಇನ್ನೊಂದು ಥರ ಇರುತ್ತದೆ. ಮೊದಲು ಎರಡೂ ಲಿಪಿಯಲ್ಲಿ ಹುಡುಕಿ, ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆ) ಇದ್ದರೆ ಅದನ್ನೂ ಹಾಕಿ ನೋಡಿ. ಸಿಗದಿದ್ದರೆ, ಅವಕಾಶ ಇರುವ ಕಡೆ ಹೊಸದಾಗಿ ಸೇರಿಸಿ. ನೀವು ಸೇರಿಸಿದ ವಿವರ ಮುಂದೆ ಹುಡುಕುವ ಇನ್ನೊಬ್ಬ ಓದುಗರಿಗೆ ಸಿಗುತ್ತದೆ. ಇದು ಐದು ನಿಮಿಷದ ಕೆಲಸ, ಅದನ್ನು ಮಾಡೋಣ.

ಆ್ಯಪ್ ಬಳಸುವವರು ವರ್ಷಕ್ಕೆ ಒಂದೆರಡು ಸಲ ನಿಮ್ಮ ಪಟ್ಟಿಯನ್ನು ಫೈಲ್ ಆಗಿ ಇಳಿಸಿಟ್ಟುಕೊಳ್ಳಿ. ಹತ್ತು ವರ್ಷದ ಓದಿನ ಲೆಕ್ಕ ಒಂದೇ ಕಡೆ ಇರಬಾರದು.

ಏನೇನು ಬರೆಯಬೇಕು? ಪುಸ್ತಕದ ಹೆಸರು, ಬರೆದವರು, ಶುರು ಮಾಡಿದ ದಿನ, ಮುಗಿಸಿದ ದಿನ, ಪುಟ. ಇದರ ಜೊತೆ ಒಂದು ಸಾಲು. ನಾನು ಒಂದು ವರ್ಷ ಹದಿನೈದು ಕಾಲಂ ಮಾಡಿ, ಪ್ರಕಾಶಕರು, ಮುದ್ರಣ, ಯಾರು ಹೇಳಿದ್ದು, ಎಷ್ಟು ಅಂಕ ಅಂತೆಲ್ಲ ತುಂಬಿಸೋಕೆ ಹೋಗಿ ಮಾರ್ಚ್‌ಗೆ ಸುಸ್ತಾದೆ. ಆರು ಕಾಲಂ ಮೀರಬೇಡಿ.

ಆ ಕೊನೆಯ ಒಂದು ಸಾಲನ್ನು ಮಾತ್ರ ಬಿಡಬೇಡಿ. ಅದನ್ನು ಓದಿದ ದಿನವೇ ಬರೆಯಿರಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ಇಳಿಯುತ್ತದೆ ಅಂತ ತೋರಿಸಿದ್ದರು. ಅವರು ಬಾಯಿಪಾಠ ಮಾಡಿದ್ದು ಅರ್ಥವಿಲ್ಲದ ಅಕ್ಷರಗಳನ್ನು. ಕಥೆ ಅಷ್ಟು ಬೇಗ ಮರೆಯುವುದಿಲ್ಲ ನಿಜ. ಆದರೂ ಒಂದು ಸನ್ನಿವೇಶ ಯಾಕೆ ಮನಸ್ಸಿಗೆ ತಾಗಿತು ಅನ್ನೋದು ವಾರ ಕಳೆದರೆ ಮಸುಕಾಗಿರುತ್ತದೆ. 'ಚೆನ್ನಾಗಿದೆ' ಅಂತ ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ಸಿಗುವುದಿಲ್ಲ. 'ತಂದೆ ಬಾಗಿಲಲ್ಲಿ ನಿಂತು ಒಳಗೆ ಬರದೆ ಹೋದ ಪುಟವನ್ನು ಮೂರು ಸಲ ಓದಿದೆ' ಅಂತ ಬರೆದರೆ ಇಡೀ ಕಾದಂಬರಿ ವಾಪಸ್ ಬರುತ್ತದೆ.

7. ಜೊತೆ ಓದುಗರು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಓದನ್ನು ಬದಲಾಯಿಸಿದ್ದು ಇದೇ.

ಎಷ್ಟು ಜನ ಇರಬೇಕು? ನಾಲ್ಕರಿಂದ ಎಂಟು. ಇಬ್ಬರೇ ಇದ್ದರೆ ಒಬ್ಬರಿಗೆ ಕೆಲಸ ಬಂದಾಗ ಎಲ್ಲ ನಿಂತುಹೋಗುತ್ತದೆ. ಇಪ್ಪತ್ತು ಜನ ಆದರೆ ಐದು ಜನ ಮಾತಾಡುತ್ತಾರೆ, ಉಳಿದವರು ನೋಡುತ್ತಾರೆ. ನೂರಾರು ಜನರ ದೊಡ್ಡ ಗುಂಪುಗಳಲ್ಲಿ ಹೊಸ ಪುಸ್ತಕಗಳ ಹೆಸರು ಸಿಗುತ್ತದೆ. ಆದರೆ 'ಈ ವಾರ ಒಂದು ಪುಟವೂ ಓದಲಿಲ್ಲ' ಅಂತ ಹೇಳಿಕೊಳ್ಳುವ ಧೈರ್ಯ ಬರುವುದು ಚಿಕ್ಕ ಗುಂಪಿನಲ್ಲಿ ಮಾತ್ರ. ಎಲ್ಲರ ರುಚಿ ಒಂದೇ ಆಗಿರಬೇಕಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಪತ್ತೇದಾರಿ ಕಾದಂಬರಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ, ಇನ್ನೊಬ್ಬರು ಬರೀ ಇತಿಹಾಸ ಓದುತ್ತಿದ್ದರು. ವರ್ಷ ಮುಗಿಯುವಾಗ ಇಬ್ಬರೂ ಒಬ್ಬರ ಪುಸ್ತಕ ಇನ್ನೊಬ್ಬರಿಂದ ಎರವಲು ಪಡೆದಿದ್ದರು.

ವಾಟ್ಸಾಪ್ ಗುಂಪು ಸಾಕು. ಶುರುವಿನಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಇಲ್ಲಿ ಓದಿನ ಮಾತು ಮಾತ್ರ. ಶುಭೋದಯದ ಚಿತ್ರ, ಫಾರ್ವರ್ಡ್, ರಾಜಕೀಯ ಬೇಡ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಆ ದಿನ ಎಲ್ಲರೂ ಒಂದು ಸಂದೇಶ ಹಾಕಬೇಕು. ನಮ್ಮದು ಭಾನುವಾರ ಸಂಜೆ. ಬೇರೆ ದಿನ ಹಾಕಬಾರದು ಅಂತಿಲ್ಲ, ಆದರೆ ಭಾನುವಾರ ತಪ್ಪಿಸಬಾರದು.

ಸಂದೇಶದಲ್ಲಿ ಮೂರು ಸಂಗತಿ ಇರಲಿ. ಎಲ್ಲಿದ್ದೀರಿ, ಈ ವಾರ ಏನು ಮನಸ್ಸಿನಲ್ಲಿ ಉಳಿಯಿತು, ಒಂದು ಪ್ರಶ್ನೆ. ಉದಾಹರಣೆಗೆ ಹೀಗೆ:

'ಏಳನೇ ಅಧ್ಯಾಯದಲ್ಲಿದ್ದೀನಿ. ಅಜ್ಜಿ ಪತ್ರವನ್ನು ಒಲೆಗೆ ಹಾಕಿದ್ದು ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ. ಆದರೆ ಲೇಖಕರು ಅದನ್ನು ಬೇಕಂತಲೇ ಮುಚ್ಚಿಟ್ಟಿದ್ದಾರೆ ಅನ್ನಿಸ್ತಿದೆ. ಸಂಭಾಷಣೆ ತುಂಬಾ ಜೀವಂತ, ವರ್ಣನೆ ಬಂದಾಗ ಮಾತ್ರ ನಿಧಾನ ಆಗ್ತೀನಿ. ವರ್ಣನೆ ಜಾಸ್ತಿ ಇರೋ ಕಡೆ ನೀವೆಲ್ಲ ಹೇಗೆ ಓದ್ತೀರಿ?'

ಇಂಥ ಸಂದೇಶಕ್ಕೆ ಉತ್ತರ ಬಂದೇ ಬರುತ್ತದೆ. '11/24 ಮುಗೀತು' ಅಂತ ಮಾತ್ರ ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್‌ನಲ್ಲಿಡಿ, ಗೆಳೆಯರಿಗೆ ಪುಸ್ತಕದ ಒಳಗಿನದ್ದನ್ನು ಕೊಡಿ. ಇನ್ನೊಂದು ಲಾಭವೂ ಇದೆ. ಏಳನೇ ಅಧ್ಯಾಯದಲ್ಲಿ ನೀವು ಕೇಳಿದ ಪ್ರಶ್ನೆಗೆ ಯಾರೋ 'ಆಮೇಲೆ ಪತ್ರದ ವಿಷಯ ಗೊತ್ತಾಯ್ತಾ?' ಅಂತ ಮುಂದಿನ ವಾರ ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರ ಹೇಳೋಕೆ ಅಂತಲೇ ನಾನು ಮಧ್ಯದಲ್ಲಿ ಸಪ್ಪೆಯಾದ ಎಷ್ಟೋ ಪುಸ್ತಕಗಳನ್ನು ದಾಟಿದ್ದೇನೆ.

ಪುಟ ಸಂಖ್ಯೆ ಹೇಳಬೇಡಿ, ಅಧ್ಯಾಯ ಹೇಳಿ. ಒಬ್ಬರ ಹತ್ತಿರ ಹಳೆಯ ಮುದ್ರಣ ಇರುತ್ತದೆ, ಇನ್ನೊಬ್ಬರ ಹತ್ತಿರ ಹೊಸದು. ಇ-ಬುಕ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟಗಳೇ ಬದಲಾಗುತ್ತವೆ. ಅಧ್ಯಾಯ ಇಲ್ಲದ ಪುಸ್ತಕವಾದರೆ ಶೇಕಡಾ ಎಷ್ಟು ಆಯಿತು ಅಂತ ಹೇಳಬಹುದು.

ಕಥೆಯ ಗುಟ್ಟು ಬಿಟ್ಟುಕೊಡದ ಹಾಗೆ ಮಾತಾಡೋದನ್ನೂ ಕಲಿಯಬೇಕು. ಗುಂಪಿನಲ್ಲಿ ಬೇರೆ ಯಾರಾದರೂ ಅದೇ ಪುಸ್ತಕ ಓದುತ್ತಿದ್ದರೆ ಸಂದೇಶದ ಮೊದಲ ಸಾಲಿನಲ್ಲೇ 'ಹತ್ತನೇ ಅಧ್ಯಾಯದವರೆಗೆ ಓದಿದವರಿಗೆ ಮಾತ್ರ' ಅಂತ ಬರೆಯಿರಿ, ನಾಲ್ಕೈದು ಖಾಲಿ ಸಾಲು ಬಿಟ್ಟು ಆಮೇಲೆ ವಿಷಯಕ್ಕೆ ಬನ್ನಿ. ಟೆಲಿಗ್ರಾಂನಲ್ಲಿ ಆಯ್ದ ಸಾಲುಗಳನ್ನು ಮುಸುಕು ಹಾಕಿ ಕಳಿಸುವ ಸೌಲಭ್ಯವೇ ಇದೆ, ಒತ್ತಿದವರಿಗೆ ಮಾತ್ರ ಕಾಣುತ್ತದೆ. ಯಾರು ಸತ್ತರು, ಯಾರು ಮದುವೆಯಾದರು ಅನ್ನೋದನ್ನು ಹೇಳದೆಯೇ ಪುಸ್ತಕದ ಬಗ್ಗೆ ಬೇಕಾದಷ್ಟು ಹೇಳಬಹುದು.

ಯಾರು ಎಷ್ಟು ಓದಿದರು ಅನ್ನೋ ಶ್ರೇಯಾಂಕದ ಪಟ್ಟಿ ಮಾತ್ರ ಬೇಡವೇ ಬೇಡ. ನಾನಿದ್ದ ಇನ್ನೊಂದು ಗುಂಪಿನಲ್ಲಿ ತಿಂಗಳ ಕೊನೆಗೆ ಅಂಥ ಪಟ್ಟಿ ಹಾಕುತ್ತಿದ್ದರು. ಮೂರು ತಿಂಗಳಲ್ಲಿ ಕೆಳಗಿನ ಅರ್ಧ ಜನ ಮಾತಾಡೋದೇ ನಿಲ್ಲಿಸಿದರು. ಅವರಲ್ಲಿ ಒಬ್ಬರು ಆ ತಿಂಗಳು ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಕೂತು ಒಂದು ಪುಸ್ತಕ ಓದಿ ಮುಗಿಸಿದ್ದರು. ಅದು ಪಟ್ಟಿಯಲ್ಲಿ 'ಒಂದು' ಅಂತ ಮಾತ್ರ ಕಂಡಿತ್ತು. ನನಗೆ ಇವತ್ತಿಗೂ ಅದು ಬೇಸರದ ನೆನಪು.

ಒಬ್ಬರು ಎರಡು ವಾರ ಸುಮ್ಮನಿದ್ದರೆ ಗುಂಪಿನಲ್ಲಿ ಎಲ್ಲರೆದುರು ಕೇಳಬೇಡಿ. ಬೇರೆಯಾಗಿ ಒಂದು ಸಂದೇಶ ಕಳಿಸಿ. 'ಹೇಗಿದ್ದೀರಿ?' ಅಂತ ಮೊದಲು ಕೇಳಿ, ಪುಸ್ತಕದ ಮಾತು ಆಮೇಲೆ.

ತಿಂಗಳಿಗೊಮ್ಮೆ ಮುಖಾಮುಖಿ ಸಿಗೋಕೆ ಆದರೆ ಇನ್ನೂ ಚೆಂದ. ಸೈಲೆಂಟ್ ಬುಕ್ ಕ್ಲಬ್ ಅಂತ ಒಂದು ಪದ್ಧತಿ ಇದೆ, 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಬ್ಬರು ಗೆಳತಿಯರು ಶುರು ಮಾಡಿದ್ದು. ಎಲ್ಲರೂ ತಮ್ಮ ತಮ್ಮ ಪುಸ್ತಕ ತಂದು ಒಂದು ಗಂಟೆ ಸುಮ್ಮನೆ ಓದುತ್ತಾರೆ, ಆಮೇಲೆ ಬೇಕಾದವರು ಮಾತಾಡುತ್ತಾರೆ. ಎಲ್ಲರೂ ಒಂದೇ ಪುಸ್ತಕ ಓದಿ ಬರಬೇಕು ಅನ್ನೋ ಒತ್ತಡ ಇಲ್ಲ. ದೂರ ಇರುವವರು ವಿಡಿಯೋ ಕರೆಯಲ್ಲಿ ಮೈಕ್ ಮುಚ್ಚಿಟ್ಟು ಇದೇ ಥರ ಓದಬಹುದು. ನಾವು ಮಾಡುತ್ತೇವೆ. ಪರದೆಯಲ್ಲಿ ಐದು ತಲೆಗಳು ಬಗ್ಗಿ ಓದುತ್ತಿರುವುದನ್ನು ನೋಡಿದರೆ ನನ್ನ ಕೈ ಫೋನಿನ ಕಡೆ ಹೋಗುವುದಿಲ್ಲ.

8. ಹಿಂದೆ ಬಿದ್ದಾಗ

ಹಿಂದೆ ಬಿದ್ದೇ ಬೀಳುತ್ತೀರಿ. ಎಷ್ಟು ಅಂತ ತಿಳಿಯುವ ಲೆಕ್ಕ ಸುಲಭ: ಗುರಿಯನ್ನು ಕಳೆದ ದಿನಗಳಿಂದ ಗುಣಿಸಿ, 365ರಿಂದ ಭಾಗಿಸಿ. ಜೂನ್ 30 ಅಂದರೆ ವರ್ಷದ 181ನೇ ದಿನ. ಗುರಿ 24 ಇದ್ದರೆ ಅವತ್ತಿಗೆ 12 ಆಗಿರಬೇಕು. ಆಗಿದ್ದು 8 ಅಂತಿಟ್ಟುಕೊಳ್ಳಿ. ಉಳಿದ 184 ದಿನದಲ್ಲಿ 16 ಪುಸ್ತಕ, ಅಂದರೆ 15 ದಿನಕ್ಕೊಂದರ ಬದಲು ಹನ್ನೊಂದೂವರೆ ದಿನಕ್ಕೊಂದು. ಇದು ಆಗುವ ಮಾತೇ ಅಂತ ನಿಮ್ಮ ದಿನಚರಿಯನ್ನು ಕೇಳಿ.

ಆಗುವುದಿಲ್ಲ ಅನ್ನಿಸಿದರೆ ಗುರಿಯನ್ನು 18ಕ್ಕೆ ಇಳಿಸಿ, ಗುಂಪಿನಲ್ಲಿ ಹೇಳಿಬಿಡಿ. ಗುರಿ ಇಳಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸಂಖ್ಯೆ ಹಿಡಿಯೋಕೆ ಅಂತ ನಾಲ್ಕು ಪುಸ್ತಕವನ್ನು ಹಾರಿಸಿ ಹಾರಿಸಿ ಓದುವುದಕ್ಕಿಂತ ಇದು ಎಷ್ಟೋ ಮೇಲು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಹಾರಿಸಿ ಓದಿದ ಆ ಪುಸ್ತಕಗಳಲ್ಲಿ ಒಂದರ ಕಥೆಯೂ ಇವತ್ತು ನನಗೆ ನೆನಪಿಲ್ಲ.

ಕೆಲವೊಮ್ಮೆ ಹಿಂದೆ ಬೀಳೋಕೆ ಕಾರಣ ಒಂದೇ ಪುಸ್ತಕವಾಗಿರುತ್ತದೆ. ಮುಂದೆ ಹೋಗುವುದಿಲ್ಲ, ಬಿಡೋಕೂ ಮನಸ್ಸಿಲ್ಲ, ಬೇರೆಯದನ್ನು ಎತ್ತಿಕೊಳ್ಳೋಕೂ ಬಿಡುವುದಿಲ್ಲ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೆ ಒಂದು ಸೂತ್ರ ಹೇಳಿದ್ದಾರೆ. ಐವತ್ತು ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ. ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸು ಕಳೆದು, ಉಳಿದಷ್ಟು ಪುಟ ಓದಿದರೆ ಸಾಕು. 62 ವರ್ಷದವರಿಗೆ 38 ಪುಟ. ವಯಸ್ಸಾದಷ್ಟೂ ಉಳಿದ ಹೊತ್ತು ಅಮೂಲ್ಯ ಅನ್ನೋ ಪ್ರೀತಿ ಅದರಲ್ಲಿದೆ. ಬಿಟ್ಟ ಪುಸ್ತಕಕ್ಕೂ ಒಂದು ಸಾಲು ಬರೆದಿಡಿ, ಯಾಕೆ ಬಿಟ್ಟಿರಿ ಅಂತ. ನಾಲ್ಕು ವರ್ಷ ಬಿಟ್ಟು ಅದೇ ಪುಸ್ತಕ ಹಿಡಿಸಬಹುದು. ನನಗೆ ಎರಡು ಸಲ ಹಾಗಾಗಿದೆ.

9. ಡಿಸೆಂಬರ್ ಕೊನೆಯ ವಾರ

ಹೊಸ ಪುಸ್ತಕ ಶುರು ಮಾಡುವ ಮೊದಲು ನೋಟ್‌ಬುಕ್ ತೆರೆದು, ವರ್ಷದ ಎಲ್ಲ ಒಂದೊಂದು ಸಾಲನ್ನೂ ಒಟ್ಟಿಗೆ ಓದಿ. ಅರ್ಧ ಗಂಟೆ ಹಿಡಿಯುತ್ತದೆ. ಯಾವ ತಿಂಗಳು ಹೆಚ್ಚು ಓದಿದ್ದೀರಿ, ಯಾವ ಥರದ ಪುಸ್ತಕ ಮುಟ್ಟಲೇ ಇಲ್ಲ, ಯಾವ ಲೇಖಕರ ಇನ್ನೊಂದು ಪುಸ್ತಕ ಹುಡುಕಬೇಕು ಅನ್ನೋದು ತಾನಾಗೇ ಕಾಣುತ್ತದೆ. ಮುಂದಿನ ವರ್ಷದ ಗುರಿ ಅದರಿಂದಲೇ ಹೊರಡಲಿ.

ಗುಂಪಿನಲ್ಲಿ ವರ್ಷದ ಕೊನೆಯ ಸಂದೇಶಕ್ಕೆ ನಾವು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಮತ್ತೆ ಓದಬೇಕು ಅನ್ನಿಸಿದ ಒಂದು ಪುಸ್ತಕ ಯಾವುದು? ನೀವು ಒಪ್ಪದೆಯೂ ಮರೆಯಲಾಗದ ಒಂದು ಮಾತು ಯಾವುದು? ಗುಂಪಿನಲ್ಲಿ ಯಾರ ಮಾತು ಕೇಳಿ ಯಾವ ಪುಸ್ತಕ ಎತ್ತಿಕೊಂಡಿರಿ? ಮೂರನೆಯದಕ್ಕೆ ಬರುವ ಉತ್ತರಗಳನ್ನು ಓದೋಕೆ ನಾನು ವರ್ಷವಿಡೀ ಕಾಯುತ್ತೇನೆ. ಯಾವುದೋ ಭಾನುವಾರ ನೀವು ಹಾಕಿದ ನಾಲ್ಕು ಸಾಲು ಇನ್ನೊಬ್ಬರ ಕೈಗೆ ಪುಸ್ತಕ ತಲುಪಿಸಿರುತ್ತದೆ, ಅದು ನಿಮಗೆ ಗೊತ್ತೂ ಇರುವುದಿಲ್ಲ.

31ರ ರಾತ್ರಿ ಒಂದು ಪುಸ್ತಕ ಅರ್ಧದಲ್ಲಿ ಇದ್ದೇ ಇರುತ್ತದೆ. ಅದನ್ನು ಮುಗಿಸೋಕೆ ಅಂತ ನಿದ್ದೆಗೆಡಬೇಡಿ. ಮುಗಿದ ದಿನ ಯಾವ ವರ್ಷದ್ದೋ ಆ ವರ್ಷದ ಲೆಕ್ಕಕ್ಕೆ ಅದು ಸೇರಲಿ. ಹೊಸ ಪುಟ ತೆರೆದು, ಮೊದಲ ಸಾಲಿನಲ್ಲಿ ಅದರ ಹೆಸರು ಬರೆದು, ಪಕ್ಕದಲ್ಲಿ ಯಾವ ಅಧ್ಯಾಯದಲ್ಲಿದ್ದೀರಿ ಅಂತ ಗುರುತು ಹಾಕಿ ಮಲಗಿ.